ಸ್ಲೇಟು ಹಿಡಿಯುವ ಮುಂಚೆ ಕೆರೆ ಏರಿ: ಪುಟ್ಟ ಮಕ್ಕಳ ಹೋಮ್‌ಸ್ಕೂಲಿಂಗ್ ಹೇಗೆ, ಎಲ್ಲಿಯವರೆಗೆ?

(ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮನೆಯಲ್ಲಿ ಮೂರು ವರ್ಷ ದಾಟಿದ ಮಗು ಇದ್ದರೆ ಒಂದು ಪ್ರಶ್ನೆ ತಪ್ಪೋದಿಲ್ಲ. ಮದುವೆ ಮನೆ ಇರಲಿ, ತರಕಾರಿ ಅಂಗಡಿ ಇರಲಿ, ಯಾರಾದರೂ ಕೇಳೇ ಕೇಳ್ತಾರೆ: 'ಮಗೂನ ಯಾವ ಸ್ಕೂಲಿಗೆ ಹಾಕಿದ್ರಿ?' 'ಇನ್ನೂ ಹಾಕಿಲ್ಲ, ಮನೇಲೇ ಕಲಿಸ್ತಿದ್ದೀವಿ' ಅಂದರೆ ಮುಂದಿನ ಐದು ನಿಮಿಷ ನಿಮಗೆ ಬುದ್ಧಿವಾದ ಗ್ಯಾರಂಟಿ. ಇವತ್ತಿನ ಸಂಚಿಕೆ ಈ ಉತ್ತರದ ಬಗ್ಗೆ. ಮೂರರಿಂದ ಆರು ವರ್ಷದ ಮಗುವನ್ನು ಆಟ ಆಡಿಸುತ್ತಾ, ಹೊರಗೆ ಸುತ್ತಾಡಿಸುತ್ತಾ ಮನೆಯಲ್ಲೇ ಕಲಿಸಬಹುದಾ? ಕಲಿಸಿದರೆ ಏನು ಸಿಗುತ್ತೆ, ಏನು ತಪ್ಪಿಹೋಗುತ್ತೆ?

ಮೊದಲೇ ಒಂದು ಮಾತು. ಮನೆಪಾಠ ಅಂದರೆ ನಮ್ಮಲ್ಲಿ ಟ್ಯೂಷನ್ ಅನ್ನೋ ಅರ್ಥ ಇದೆ. ಇದು ಅದಲ್ಲ. ಹಾಗಂತ ಊಟದ ಟೇಬಲ್ಲನ್ನೇ ಡೆಸ್ಕ್ ಮಾಡಿ, ಬೆಳಗ್ಗೆ ಒಂಬತ್ತಕ್ಕೆ ವರ್ಕ್‌ಶೀಟ್ ಕೊಡೋದೂ ಅಲ್ಲ. ಮಗುವನ್ನು ಅಂಗಳಕ್ಕೆ ಬಿಟ್ಟು ನಾವು ಮೊಬೈಲ್ ನೋಡ್ತಾ ಕೂರೋದಂತೂ ಅಲ್ಲವೇ ಅಲ್ಲ.

ಆಟದಿಂದ ಕಲಿಕೆ ಆಗುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಶಾಲೆ ಮಗುವಿಗೆ ಕೊಡೋದು ಅಕ್ಷರ ಮಾತ್ರ ಅಲ್ಲ. ಜೊತೆಗಾರರನ್ನು ಕೊಡುತ್ತೆ, ದಿನಕ್ಕೊಂದು ಕ್ರಮ ಕೊಡುತ್ತೆ, ಅಪ್ಪ-ಅಮ್ಮ ಅಲ್ಲದ ಮೂರನೆಯವರ ಕಣ್ಣನ್ನೂ ಕೊಡುತ್ತೆ. ಶಾಲೆಗೆ ಕಳಿಸದೇ ಇರೋದು ಸುಲಭ. ಶಾಲೆ ಕೊಡ್ತಿದ್ದ ಈ ಮೂರನ್ನು ನಾವೇ ಒದಗಿಸೋದು ಕಷ್ಟ. ಅದನ್ನು ಯೋಚಿಸದೆ ಹೊರಟರೆ ನಷ್ಟ ಆಗೋದು ಮಗುವಿಗೆ.

ಆಟದಲ್ಲಿ ಪಾಠ ಎಲ್ಲಿದೆ?

ಅಜ್ಜಿ ಮನೆ ಅಟ್ಟದಲ್ಲಿ ಅಳಗುಳಿಮಣೆ ಇದ್ದರೆ ಕೆಳಗಿಳಿಸಿ. ಕರಾವಳಿಯವರು ಚೆನ್ನೆಮಣೆ ಅಂತಾರೆ. ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ ಹಾಕಿದರೆ 56 ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವಾಗ ಮಗು ಮಾಡುತ್ತಿರೋದು ಏನು? ಒಂದು ವಸ್ತುವಿಗೆ ಒಂದು ಎಣಿಕೆ. 'ಒಂದು, ಎರಡು, ಮೂರು' ಅಂತ ನೂರರವರೆಗೆ ಬಾಯಿಪಾಠ ಹೇಳುವ ಎಷ್ಟೋ ಮಕ್ಕಳು, ತಟ್ಟೆಯಲ್ಲಿರುವ ಏಳು ಕಡಲೆಕಾಯಿ ಎಣಿಸು ಅಂದರೆ ತಡವರಿಸುತ್ತಾರೆ. ಬೆರಳು ಮುಟ್ಟಿದ್ದೂ ಬಾಯಿ ಹೇಳಿದ್ದೂ ಹೊಂದಬೇಕು. ಆ ಹೊಂದಾಣಿಕೆಯೇ ಗಣಿತದ ಬುಡ, ಅದು ಈ ಮಣೆಯ ಮೇಲೆ ತಾನಾಗಿ ಬರುತ್ತೆ.

ಇಲ್ಲೊಂದು ಎಚ್ಚರಿಕೆ. ಹಳೇ ಮಣೆಯ ಜೊತೆ ಕೆಂಪು-ಕಪ್ಪು ಗುಲಗಂಜಿ ಇದ್ದರೆ ತೆಗೆದಿಡಿ. ಅದನ್ನು ಅಗಿದು ನುಂಗಿದರೆ ವಿಷ. ಪುಟ್ಟ ಮಕ್ಕಳಿಗೆ ಹುಣಸೆ ಬೀಜ ಸಾಕು. ಅದೂ ಸಣ್ಣ ವಸ್ತುವೇ, ಬಾಯಿಗೆ ಹೋಗದಂತೆ ಜೊತೆಯಲ್ಲಿ ಕೂತೇ ಆಡಿಸಿ.

ಇನ್ನು ಚೌಕಾಬಾರ. ನಾಲ್ಕು ಕವಡೆ ಹಾಕಿ, ಎಷ್ಟು ಬಾಯಿ ಮೇಲಾಗಿ ಬಿತ್ತು ಅಂತ ನೋಡಿ, ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಬೋರಲಾದರೆ ಎಂಟು. ಕೆಲವು ದಿನ ಆಡಿದ ಮೇಲೆ ಮಗು ಕವಡೆ ಎಣಿಸೋದನ್ನೇ ಬಿಡುತ್ತೆ, ನೋಡಿದ ತಕ್ಷಣ 'ಮೂರು' ಅನ್ನುತ್ತೆ. ಅದರ ಜೊತೆಗೇ ಇನ್ನೊಂದು ಕಲಿಕೆ ಇದೆ: ತನ್ನ ಸರದಿಗೆ ಕಾಯೋದು, ತನ್ನ ಕಾಯಿ ಹೊಡೆದಾಗ ಮಣೆ ಎತ್ತಿ ಎಸೆಯದೇ ಇರೋದು. ದೊಡ್ಡವರು ಬೇಕಂತಲೇ ಸೋಲಬೇಡಿ. ಸೋಲೋದನ್ನೂ ಮಗು ಅಭ್ಯಾಸ ಮಾಡಿಕೊಳ್ಳಲಿ.

ಅಡುಗೆಮನೆಯೂ ತರಗತಿಯೇ. ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸೋಕೆ, ನೆನೆಸಿದ ಕಾಳು ಹಿತುಕೋಕೆ ಕೂರಿಸಿ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಒತ್ತಿ ಸಿಪ್ಪೆಯಿಂದ ಜಾರಿಸುವ ಆ ಹಿಡಿತವೇ ನಾಳೆ ಪೆನ್ಸಿಲ್ ಹಿಡಿಯೋದು. ಬೆರಳಿಗೆ ಬಲ ಬರುವ ಮೊದಲೇ ನಾಲ್ಕು ಗೆರೆಯ ಪುಸ್ತಕ ಕೊಟ್ಟರೆ ಕೈ ನೋಯುತ್ತೆ, ಅಕ್ಷರ ಅಂದರೆ ಭಯ ಹುಟ್ಟುತ್ತೆ.

ಇದೇನು ಹೊಸ ಫ್ಯಾಷನ್ ಅಲ್ಲ. 1995ರಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ 'ನಲಿ-ಕಲಿ' ಇದೇ ದಾರಿ ಹಿಡಿಯಿತು. ನಮ್ಮ ಅಂಗನವಾಡಿಗಳ 'ಚಿಲಿಪಿಲಿ' ಕೂಡ ಆಟದ ಪಠ್ಯವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಹಂತ ಅಂತ ಕರೆದಿದೆ. 2021ರ ನಿಪುಣ್ ಭಾರತ್ ಯೋಜನೆಯ ಗುರಿ ನೋಡಿ: ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗುವಿಗೆ ಅರ್ಥ ಮಾಡಿಕೊಂಡು ಓದಲು, ಸರಳ ಲೆಕ್ಕ ಮಾಡಲು ಬರಬೇಕು. ಮೂರನೇ ತರಗತಿ! ನಾಲ್ಕು ವರ್ಷಕ್ಕೇ ಕಾಗುಣಿತ ಬರಲಿಲ್ಲ ಅಂತ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಹೊರಗೆ ಹೋಗೋಣ, ಎಲ್ಲಿಗೆ?

ಅಡ್ವೆಂಚರ್ ಅಂದ ತಕ್ಷಣ ರೆಸಾರ್ಟು, ಜೀಪು ಅಂತ ಯೋಚಿಸಬೇಡಿ. ಐದು ವರ್ಷದ ಮಗುವಿಗೆ ಊರ ಕೆರೆ ಏರಿಯೇ ಸಾಹಸ. ಒಂದು ಉದಾಹರಣೆ ಹೇಳ್ತೀನಿ. ಕೆರೆಯಲ್ಲಿ ಒಣಗಿದ ಕೊಂಬೆ ಮೇಲೆ ನೀರುಕಾಗೆ ರೆಕ್ಕೆ ಎರಡನ್ನೂ ಅಗಲಿಸಿ ಕೂತಿರುತ್ತೆ. 'ಅದು ಯಾಕೆ ಹಂಗೆ ಕೂತಿದೆ?' ಅಂತ ಮಗು ಕೇಳುತ್ತೆ. ತಕ್ಷಣ ಉತ್ತರ ಕೊಡಬೇಡಿ. 'ನಿಂಗೇನನ್ಸುತ್ತೆ ಪುಟ್ಟಿ?' ಅಂತ ಕೇಳಿ. 'ಅದಕ್ಕೆ ಸೆಕೆ', 'ಅದು ನಮ್ಮನ್ನ ಹೆದರಿಸ್ತಿದೆ' ಅನ್ನಬಹುದು. ಹತ್ತು ನಿಮಿಷ ಕಾಯಿರಿ. ಅದು ನೀರಿಗೆ ಮುಳುಗಿ ಮೀನು ಹಿಡಿದು ಬಂದು ಮತ್ತೆ ರೆಕ್ಕೆ ಹರಡೋದನ್ನು ತೋರಿಸಿ. ಬಾತುಕೋಳಿಯ ಹಾಗಲ್ಲ, ನೀರುಕಾಗೆಯ ರೆಕ್ಕೆ ನೀರಲ್ಲಿ ಚೆನ್ನಾಗಿ ನೆನೆಯುತ್ತೆ, ಒಣಗಿಸಿಕೊಳ್ಳಬೇಕು. ಬಟ್ಟೆ ಒಣಗಿಸೋದನ್ನು ಮನೆಯಲ್ಲಿ ದಿನಾ ನೋಡುವ ಮಗು ಅದನ್ನು ತಾನೇ ಹೇಳಿಬಿಟ್ಟರೆ, ಅವತ್ತಿನ ವಿಜ್ಞಾನ ಪಾಠ ಮುಗಿಯಿತು. ನೋಡೋದು, ಊಹೆ ಮಾಡೋದು, ಕಾದು ಪರೀಕ್ಷಿಸೋದು ಮೂರೂ ಅದರಲ್ಲಿ ಬಂತು.

ಬೆಂಗಳೂರಿನವರಿಗೆ ಲಾಲ್‌ಬಾಗ್ ಬಂಡೆ ಇದೆ. ಕೆಂಪೇಗೌಡ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. 'ಡೈನೋಸಾರ್ ಹುಟ್ಟೋ ಹೊತ್ತಿಗೇ ಈ ಕಲ್ಲು ಮುದುಕ ಆಗಿತ್ತು' ಅಂತ ಹೇಳಿ ನೋಡಿ, ಮಗು ಬಂಡೆಗೆ ಕಿವಿ ಕೊಟ್ಟು ಮಲಗುತ್ತೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಇವೆ. ಚಳಿಗಾಲ ಕಳೆಯುವ ಹೊತ್ತಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದರೆ, ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡಿರುತ್ತವೆ. ಹಕ್ಕಿಯೂ ಮನುಷ್ಯರೂ ಒಂದೇ ಬೀದಿಯಲ್ಲಿ ಇರಬಹುದು ಅನ್ನೋದನ್ನು ಮಗು ಕಣ್ಣಾರೆ ನೋಡುತ್ತೆ.

ಖರ್ಚು? ಆರು ವರ್ಷದೊಳಗಿನ ಮಗುವಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಡಿ ಅಮ್ಮ, ಅಜ್ಜಿಗೆ ಸಾಮಾನ್ಯ ಬಸ್‌ಗಳಲ್ಲಿ ಉಚಿತ. ಬುತ್ತಿ ಕಟ್ಟಿಕೊಂಡರೆ ಆಯ್ತು.

ದೇಹಕ್ಕೂ ಇದು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಓಟ, ಜಿಗಿತ ಇರಬೇಕು. ಸ್ಕ್ರೀನ್ ಒಂದು ಗಂಟೆ ಮೀರಬಾರದು. ಫ್ಲ್ಯಾಟಿನಲ್ಲಿ ಹೋಮ್‌ಸ್ಕೂಲಿಂಗ್ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ.

ಹೊರಗೆ ಎರಡು ನಿಯಮ ಕಡ್ಡಾಯ. ಒಂದು, ನೀರಿನ ಹತ್ತಿರ ಮಗು ನಿಮ್ಮ ಕೈಗೆ ಸಿಗುವಷ್ಟು ದೂರದಲ್ಲೇ ಇರಬೇಕು. ಕಣ್ಣಿಗೆ ಕಾಣುವಷ್ಟು ದೂರ ಸಾಲದು. ಎರಡು, ಗಿಡ ನೋಡಬಹುದು, ಬಾಯಿಗೆ ಹಾಕುವಂತಿಲ್ಲ. ಕಣಗಿಲೆ, ಉಮ್ಮತ್ತಿ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಶಾಲೆ ಕೊಡುವ ಉಳಿದ ಮೂರು

ಈಗ ಕಷ್ಟದ ಭಾಗ. ಮೊದಲನೆಯದು ಜೊತೆಗಾರರು. ಅಪ್ಪ-ಅಮ್ಮನ ಜೊತೆ ಎಷ್ಟೇ ಆಡಿದರೂ, ಓರಗೆಯ ಮಕ್ಕಳ ಜೊತೆ ಜಗಳ ಆಡಿ ಮತ್ತೆ ರಾಜಿ ಆಗೋದು ಬರೋದಿಲ್ಲ. ಲಗೋರಿಗೆ ಇಬ್ಬರು ಸಾಲಲ್ಲ. ವಾರದಲ್ಲಿ ಮೂರು-ನಾಲ್ಕು ದಿನ, ಅದೇ ಮಕ್ಕಳ ಜೊತೆ, ಗಂಟೆಗಟ್ಟಲೆ ಆಟ ಸಿಗುವ ವ್ಯವಸ್ಥೆ ಮಾಡಿ. ಬೀದಿಯಲ್ಲಿ ಮಕ್ಕಳೇ ಇಲ್ಲ ಅಂದರೆ ಅಂಗನವಾಡಿ ಒಳ್ಳೆಯ ದಾರಿ. ಅರ್ಧ ದಿನ ಅಲ್ಲಿ, ಉಳಿದ ಹೊತ್ತು ಮನೆ. ಹೋಮ್‌ಸ್ಕೂಲಿಂಗ್ ಅಂದರೆ ಎಲ್ಲವನ್ನೂ ಬಿಡಬೇಕು ಅಂತೇನಿಲ್ಲ.

ಎರಡನೆಯದು ಕ್ರಮ. ಗಂಟೆ ಹೊಡೆಯೋದು ಬೇಡ, ಆದರೆ ಬೆಳಗ್ಗೆ ಹೊರಗೆ, ಊಟದ ನಂತರ ಕಥೆ, ಸಂಜೆ ಮಣೆಯಾಟ ಅನ್ನುವಷ್ಟಾದರೂ ಇರಲಿ. ದಿನಕ್ಕೊಂದು ಸಾಲು ಬರೆದಿಡಿ. 'ಇವತ್ತು ಹನ್ನೆರಡು ಹುಣಸೆ ಬೀಜ ತಪ್ಪಿಲ್ಲದೆ ಎಣಿಸಿದ.' 'ಕಥೆಯ ಕೊನೆಯನ್ನು ತಾನೇ ಬದಲಿಸಿದಳು.' ಮೂರು ತಿಂಗಳ ನಂತರ ತಿರುವಿ ಹಾಕಿದರೆ ಮಗು ಮುಂದೆ ಹೋಗಿದೆಯಾ, ನಿಂತಲ್ಲೇ ನಿಂತಿದೆಯಾ ಗೊತ್ತಾಗುತ್ತೆ. ಅತ್ತೆ-ಮಾವ ಕೇಳಿದಾಗ ತೋರಿಸೋಕೂ ಆಗುತ್ತೆ.

ಮೂರನೆಯದು ಹೊರಗಿನವರ ಕಣ್ಣು. ಇದನ್ನೇ ಜನ ಮರೆಯೋದು. ಬೋರ್ಡು ಕಾಣದೇ ಕಣ್ಣು ಕಿರಿದು ಮಾಡುವ ಮಗುವನ್ನು, ಕರೆದರೆ ತಿರುಗದ ಮಗುವನ್ನು ಎಷ್ಟೋ ಸಲ ಮೊದಲು ಗುರುತಿಸೋದು ಟೀಚರ್. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ತಪಾಸಣೆಗೆ ಬರೋದು ಅಂಗನವಾಡಿಗೆ, ಸರ್ಕಾರಿ ಶಾಲೆಗೆ. ನಿಮ್ಮ ಮನೆಗೆ ಬರೋದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣು, ಕಿವಿ, ಹಲ್ಲು, ತೂಕ, ಎತ್ತರ ನೀವೇ ನೋಡಿಸಬೇಕು. ಐದರಿಂದ ಆರು ವರ್ಷದ ನಡುವೆ ಕೊಡುವ ಡಿಪಿಟಿ ಬೂಸ್ಟರ್ ನೆನಪಿರಲಿ. ಮಾತಿನ ಬಗ್ಗೆ ಅನುಮಾನ ಇದ್ದರೆ 'ತಾನಾಗಿ ಬರುತ್ತೆ' ಅಂತ ಕಾಯಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಕಾನೂನು ಏನು ಹೇಳುತ್ತೆ?

2009ರ ಶಿಕ್ಷಣ ಹಕ್ಕು ಕಾಯಿದೆ ಅನ್ವಯ ಆಗೋದು 6ರಿಂದ 14 ವರ್ಷದವರಿಗೆ. ಆರು ತುಂಬುವವರೆಗೆ ಮಗುವನ್ನು ಶಾಲೆಗೆ ಸೇರಿಸಲೇಬೇಕು ಅಂತ ಕಡ್ಡಾಯ ಇಲ್ಲ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನೋದು ನಿಯಮ. 2025–26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನೀವು ಸೇರಿಸುವ ವರ್ಷದ ಆದೇಶ ನೋಡಿಕೊಳ್ಳಿ, ಜನನ ಪ್ರಮಾಣಪತ್ರ ಸರಿಯಾಗಿಟ್ಟುಕೊಳ್ಳಿ.

ಆರರ ನಂತರ ವಿಷಯ ಬೇರೆ. ಮಗುವನ್ನು ಶಾಲೆಗೆ ಸೇರಿಸೋದು ಪೋಷಕರ ಕರ್ತವ್ಯ ಅಂತ ಕಾಯಿದೆಯ 10ನೇ ಸೆಕ್ಷನ್ ಹೇಳುತ್ತೆ. ತಪ್ಪಿದ ಪೋಷಕರಿಗೆ ಇಂಥ ಶಿಕ್ಷೆ ಅಂತ ಅದರಲ್ಲಿ ಬರೆದಿಲ್ಲ. ಹೋಮ್‌ಸ್ಕೂಲಿಂಗ್ ಅನ್ನೋ ಪದವೂ ಅದರಲ್ಲಿಲ್ಲ. ಅಂದರೆ ಅನುಮತಿ ಪತ್ರ ಕೊಡುವ ಕಚೇರಿ ಇಲ್ಲ, ನಿಮ್ಮ ಮಗು ಶಾಲೆಯಿಂದ ಹೊರಗುಳಿದವರ ಲೆಕ್ಕಕ್ಕೆ ಸೇರಬಹುದು. ಮುಂದೆ ಶಾಲೆಗೆ ಸೇರಿಸಿದರೆ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಅಂತ 4ನೇ ಸೆಕ್ಷನ್ ಇದೆ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿಗೆ ಸಮನಾದ ಪರೀಕ್ಷೆ ಬರೆಯಬಹುದು. ಬಾಗಿಲು ಮುಚ್ಚಿಲ್ಲ ನಿಜ. ಆದರೆ ಆರರವರೆಗೆ ಇರುವಷ್ಟು ನಿರಾಳ ಆಮೇಲೆ ಇಲ್ಲ.

ಕೊನೆಗೆ, ಯಾರ ಹೆಗಲ ಮೇಲೆ?

ಒಂದು ಮಾತು ಹೇಳದೆ ಮುಗಿಸಿದರೆ ಮೋಸ ಆಗುತ್ತೆ. ಇಂಥ ನಿರ್ಧಾರ ತಗೊಳ್ಳೋದು ಇಬ್ಬರಾದರೂ ಕೆಲಸ ಬಿಡೋದು ಬಹುತೇಕ ಅಮ್ಮ. ಕೆರೆಗೆ ಕರ್ಕೊಂಡು ಹೋಗೋದು, ಕಾಳು ಬಿಡಿಸಿಕೊಂಡು ಕೂರೋದು, ಸಾಲು ಬರೆಯೋದು, ನೆಂಟರಿಗೆ ಉತ್ತರ ಹೇಳೋದು ಎಲ್ಲವೂ ಒಬ್ಬರ ಮೇಲೇ ಬಿದ್ದರೆ ವರ್ಷದೊಳಗೆ ದಣಿವು, ಸಿಡುಕು. ದಣಿದ ಅಮ್ಮನ ಜೊತೆ ಇಡೀ ದಿನ ಕಳೆಯೋದಕ್ಕಿಂತ ಖುಷಿಯ ಅಂಗನವಾಡಿ ಎಷ್ಟೋ ಮೇಲು. ಅಪ್ಪ ಯಾವ ದಿನ, ಯಾವ ಹೊತ್ತು ಅನ್ನೋದು ಮೊದಲೇ ತೀರ್ಮಾನ ಆಗಲಿ. ಭಾನುವಾರದ ಅಪ್ಪ ಸಾಲೋದಿಲ್ಲ.

ಇಬ್ಬರೂ ದುಡಿಯಲೇಬೇಕಾದ ಮನೆಯವರು 'ನಮಗೆ ಈ ಭಾಗ್ಯ ಇಲ್ಲ' ಅಂತ ಕೊರಗಬೇಡಿ. ಅಳಗುಳಿಮಣೆಗೆ ಸಂಜೆ ಅರ್ಧ ಗಂಟೆ ಸಾಕು. ನೀರುಕಾಗೆ ಭಾನುವಾರವೂ ರೆಕ್ಕೆ ಒಣಗಿಸುತ್ತೆ. ಮಗು ಶಾಲೆಗೆ ಹೋದರೂ ಈ ಕಲಿಕೆ ನಿಲ್ಲಬೇಕಿಲ್ಲ.

ಹೋಮ್‌ಸ್ಕೂಲಿಂಗ್ ಬಗ್ಗೆ ಯೋಚನೆ ಮಾಡ್ತಿದ್ದರೆ ಇವತ್ತು ರಾತ್ರಿ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನಮ್ಮ ಮಗುವಿನ ಜೊತೆಗಾರರು ಯಾರು, ದಿನದ ಕ್ರಮ ಏನು, ನಮ್ಮನ್ನು ಬಿಟ್ಟು ಮಗುವನ್ನು ಗಮನಿಸೋರು ಯಾರು? ಮೂರಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಶುರುಮಾಡಿ. ಒಂದು ಸಾಲು ಖಾಲಿ ಇದ್ದರೆ ಮೊದಲು ಅದನ್ನು ತುಂಬಿಸಿ.