ಬೀನ್ಸ್ ಮತ್ತು ಕಣಿಲೆ: ಬಾಣಲೆಗೆ ಹಾಕುವ ಮುನ್ನ

ಕಳೆದ ಮಳೆಗಾಲದ ಒಂದು ಸಂಜೆ ಮಗ್‌ರಿಬ್ ನಮಾಝ್ ಮುಗಿಸಿ ಕ್ಲಿನಿಕ್‌ಗೆ ಬಂದಾಗ ತಾಯಿಯೊಬ್ಬರು ಇಬ್ಬರು ಮಕ್ಕಳೊಂದಿಗೆ ಬಾಗಿಲಲ್ಲೇ ನಿಂತಿದ್ದರು. ಮಕ್ಕಳಿಬ್ಬರಿಗೂ ವಿಪರೀತ ವಾಂತಿ, ಹೊಟ್ಟೆನೋವು. ಮಧ್ಯಾಹ್ನ ಏನು ಊಟ ಎಂದು ಕೇಳಿದೆ. "ಹೊರಗಿನದ್ದು ಏನೂ ಇಲ್ಲ ಡಾಕ್ಟ್ರೇ, ಮಾಂಸವೂ ಇಲ್ಲ. ಅನ್ನ ಮತ್ತು ಬೀನ್ಸ್ ಅಷ್ಟೇ" ಎಂದರು. ಕೆದಕಿ ಕೇಳಿದಾಗ ವಿಷಯ ಹೊರಬಂತು. ಮಗಳು ಮೊಬೈಲ್‌ನಲ್ಲಿ ನೋಡಿ ಚೈನೀಸ್ ಶೈಲಿಯ ಬೀನ್ಸ್ ಮಾಡಿದ್ದಳು. ದೊಡ್ಡ ಉರಿ, ಎರಡು ನಿಮಿಷ, ಮೇಲಿಂದ ಸೋಯಾ ಸಾಸ್. ಬೀನ್ಸ್ ಹಸಿರಾಗಿ, ಕಚ್ಚಿದರೆ ಕರುಂ ಎನ್ನುವಂತಿತ್ತಂತೆ. ಬೀನ್ಸ್ ಎಂದರೆ ಮೂಗು ಮುರಿಯುವ ತಂದೆಗೆ ಮಾತ್ರ ಏನೂ ಆಗಿರಲಿಲ್ಲ.

ಮಕ್ಕಳು ಮರುದಿನವೇ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಆದರೆ ಅಂದಿನಿಂದ ಈ ಬಗ್ಗೆ ಬರೆಯಬೇಕೆಂದು ಮನಸ್ಸಿನಲ್ಲಿತ್ತು. ಈಗ ನಮ್ಮ ಮನೆಗಳಲ್ಲಿ ಚೀನಾ, ಥಾಯ್ಲೆಂಡ್, ಮಲೇಷ್ಯಾದ ಅಡುಗೆಗಳು ಸಾಮಾನ್ಯವಾಗಿವೆ. ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಸಾಸ್ ಬಾಟಲಿ, ಕಣಿಲೆಯ ಡಬ್ಬಿ ಇರುತ್ತದೆ. ಅದು ತಪ್ಪಲ್ಲ. ಆ ದೇಶಗಳ ತರಕಾರಿ ಅಡುಗೆ ನಮ್ಮ ಎಣ್ಣೆ ತೇಲುವ ಸಾರುಗಳಿಗಿಂತ ಎಷ್ಟೋ ಪಾಲು ಹಗುರ. ತೊಂದರೆ ಇರುವುದು ಬೇರೆ ಕಡೆ. ವೀಡಿಯೊದಲ್ಲಿ ಕಾಣುವುದು ಅಡುಗೆಯ ಕೊನೆಯ ಐದು ನಿಮಿಷ. ಅದಕ್ಕೆ ಮೊದಲು ಆ ದೇಶದ ಅಡುಗೆಯವರು ಮಾಡಿಟ್ಟುಕೊಂಡ ಕೆಲಸ ಕಾಣುವುದಿಲ್ಲ. ಬೀನ್ಸ್ ಮತ್ತು ಕಣಿಲೆಯ ವಿಷಯದಲ್ಲಿ ಆ ಕಾಣದ ಕೆಲಸವೇ ಮುಖ್ಯ.

ಮೊದಲು ಬೀನ್ಸ್. ಹಸಿ ಬೀನ್ಸ್‌ನಲ್ಲಿ, ವಿಶೇಷವಾಗಿ ಒಳಗಿನ ಕಾಳಿನಲ್ಲಿ, ಲೆಕ್ಟಿನ್ ಎಂಬ ಒಂದು ಬಗೆಯ ಪ್ರೋಟೀನ್ ಇದೆ. ಅದು ಕರುಳಿನ ಒಳಪದರಕ್ಕೆ ಅಂಟಿಕೊಂಡು ಕೆರಳಿಸುತ್ತದೆ. ತಿಂದು ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ರಾಜ್ಮಾದಲ್ಲಿ ಇದು ಅತಿ ಹೆಚ್ಚು. ಎಳೆ ಬೀನ್ಸ್‌ನಲ್ಲಿ ಕಡಿಮೆಯಾದರೂ ಇದ್ದೇ ಇದೆ, ಕಾಯಿ ಬಲಿತಷ್ಟೂ ಹೆಚ್ಚು. ಚೆನ್ನಾಗಿ ಕುದಿಸಿದರೆ ಈ ದೋಷ ಹೋಗುತ್ತದೆ. ಅರೆಬೆಂದರೆ ಹೋಗುವುದಿಲ್ಲ. ಚೀನಾದಲ್ಲಿ ಶಾಲೆ ಮತ್ತು ಕಾರ್ಖಾನೆಗಳ ಕ್ಯಾಂಟೀನ್‌ಗಳಲ್ಲಿ ಅರೆಬೆಂದ ಬೀನ್ಸ್ ತಿಂದು ಅಸ್ವಸ್ಥರಾಗುವುದು ಎಷ್ಟು ಸಾಮಾನ್ಯವೆಂದರೆ ಅಲ್ಲಿನ ಅಧಿಕಾರಿಗಳು ಆಗಾಗ ಎಚ್ಚರಿಕೆ ನೀಡುತ್ತಲೇ ಇರುತ್ತಾರೆ. ದೊಡ್ಡ ಬಾಣಲೆಗೆ ಒಮ್ಮೆಗೇ ಮಣಗಟ್ಟಲೆ ಸುರಿದಾಗ ಮೇಲಿನದ್ದು ಹಸಿ, ಕೆಳಗಿನದ್ದು ಕಪ್ಪು. ನಮ್ಮ ಮದುವೆ ಅಡುಗೆಯವರಿಗೂ ಈ ಮಾತು ಅನ್ವಯಿಸುತ್ತದೆ.

ಸಿಚುವಾನ್ ಪ್ರಾಂತ್ಯದ ಹುರಿದ ಬೀನ್ಸ್ ಪ್ರಸಿದ್ಧ. ಅದನ್ನು ಸರಿಯಾಗಿ ಮಾಡುವವರು ಬೀನ್ಸನ್ನು ಹಸಿರಾಗಿ ಉಳಿಸುವುದೇ ಇಲ್ಲ. ಸಿಪ್ಪೆ ಸುಕ್ಕುಗಟ್ಟಿ, ಅಲ್ಲಲ್ಲಿ ಕಂದು ಕಲೆ ಬಿದ್ದು, ಕಾಯಿ ಬಾಡಿ ಮೆತ್ತಗಾಗುವವರೆಗೆ ಹುರಿಯುತ್ತಾರೆ. ಆ ಸುಕ್ಕು ಬರೀ ರುಚಿಗಲ್ಲ, ಬೆಂದಿದೆ ಎನ್ನುವುದಕ್ಕೆ ಗುರುತೂ ಹೌದು. ಮನೆಯಲ್ಲಿ ಸುಲಭದ ದಾರಿ: ನಾರು ತೆಗೆದ ಬೀನ್ಸನ್ನು ಕುದಿಯುವ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ನಂತರ ಸ್ವಲ್ಪ ಎಣ್ಣೆಯಲ್ಲಿ ಸುಕ್ಕಾಗುವವರೆಗೆ ಹುರಿಯಿರಿ. ಅಲ್ಲಿ ಇದಕ್ಕೆ ಹಂದಿ ಮಾಂಸದ ಚೂರು ಹಾಕುವುದೇ ವಾಡಿಕೆ. ನಮಗೆ ಆಡಿನ ಖೀಮಾ ಇದೆ. ಬೆಳ್ಳುಳ್ಳಿ, ಶುಂಠಿ, ಒಣಮೆಣಸು, ಜೊತೆಗೆ ಒಂದು ಹಿಡಿ ಖೀಮಾ ಚೆನ್ನಾಗಿ ಹುರಿದು ಬೀನ್ಸ್ ಸೇರಿಸಿದರೆ ಚಪಾತಿಗೂ ಆಗುತ್ತದೆ.

ನಾವು ಅಲಸಂದೆ ಎನ್ನುವ ಉದ್ದದ ಕಾಯಿ ಬೇರೆ ಜಾತಿಯದ್ದು, ಅದರಲ್ಲಿ ಈ ಕಾಟ ಕಡಿಮೆ. ಮಲೇಷ್ಯಾ, ಇಂಡೋನೇಷ್ಯಾದವರು ಹೆಚ್ಚಾಗಿ ಬಳಸುವುದು ಅದನ್ನೇ. ಅಲ್ಲಿಯವರು ಅದನ್ನು ಹಸಿಯಾಗಿ ತಿನ್ನುವುದನ್ನು ವೀಡಿಯೊದಲ್ಲಿ ನೋಡಿ ಇಲ್ಲಿನ ಬೀನ್ಸನ್ನು ಹಾಗೆಯೇ ತಿನ್ನಬೇಡಿ.

ಇನ್ನು ಕಣಿಲೆ. ಮಲೆನಾಡಿನಲ್ಲಿ ಕಳಲೆ, ಕೊಡಗಿನಲ್ಲಿ ಬೈಂಬಳೆ. ಆಟಿ ತಿಂಗಳಲ್ಲಿ ಹೆಸರುಕಾಳಿನ ಜೊತೆ ಕಣಿಲೆ ಗಸಿ ತಿಂದು ಬೆಳೆದವರಿಗೆ ಇದು ಹೊಸತಲ್ಲ. ನಮ್ಮ ಅಜ್ಜಿಯಂದಿರು ಅದನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ನಂತರವೇ ಒಲೆಗೆ ಇಡುತ್ತಿದ್ದರು. ಕಾರಣ ಕೇಳಿದರೆ "ನಂಜು" ಎನ್ನುತ್ತಿದ್ದರು. ಅವರ ಮಾತು ಅಕ್ಷರಶಃ ಸರಿ. ಹಸಿ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇದ್ದು, ಕತ್ತರಿಸಿದಾಗ, ಅಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮರಗೆಣಸಿನಲ್ಲಿರುವುದೂ ಇಂಥದ್ದೇ. ಒಳ್ಳೆಯ ಸುದ್ದಿ ಎಂದರೆ ಟ್ಯಾಕ್ಸಿಫಿಲಿನ್ ಬಿಸಿಗೆ ಬೇಗ ಒಡೆಯುತ್ತದೆ, ಹೊರಬರುವ ಸಯನೈಡ್ ಅನಿಲ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಆದ್ದರಿಂದ ಕಣಿಲೆ ಕುದಿಸುವಾಗ ಪಾತ್ರೆಗೆ ಮುಚ್ಚಳ ಹಾಕಬಾರದು. ಅಡುಗೆಮನೆಯ ಕಿಟಕಿ ತೆರೆದಿರಲಿ. ಕುಕ್ಕರಿನಲ್ಲಿ ಒಂದು ಸೀಟಿ ಹೊಡೆಸಿ ಆ ನೀರಿನ ಸಮೇತ ಸಾರು ಮಾಡುವುದು ಸರ್ವಥಾ ಬೇಡ.

ತೆಳ್ಳಗೆ ಹೆಚ್ಚುವುದು ಮೊದಲ ಕೆಲಸ. ತುಂಡು ದಪ್ಪವಾದರೆ ಒಳಗಿನದ್ದು ಹೊರಬರುವುದಿಲ್ಲ. ನೆನೆಸಿದ ನಂತರ ತೆರೆದ ಪಾತ್ರೆಯಲ್ಲಿ ಧಾರಾಳ ನೀರು ಹಾಕಿ ಇಪ್ಪತ್ತೈದು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಅಷ್ಟೇ ಹೊತ್ತು ಕುದಿಸಿ. ಆಗಲೂ ಕಹಿ ಉಳಿದಿದ್ದರೆ ಮೂರನೇ ಸಲ. ಹಸಿಯದ್ದನ್ನು ಬಾಯಿಗಿಟ್ಟು ಕಹಿ ಪರೀಕ್ಷೆ ಮಾಡಬೇಡಿ. ಜಪಾನ್‌ನಲ್ಲಿ ಕಣಿಲೆಯನ್ನು ಅಕ್ಕಿ ತೌಡು ಹಾಕಿದ ನೀರಿನಲ್ಲಿ ಒಂದು ಗಂಟೆಗೂ ಹೆಚ್ಚು ಕುದಿಸಿ, ಅದೇ ನೀರಿನಲ್ಲಿ ತಣಿಯಲು ಬಿಡುತ್ತಾರೆ. ಊರು ಬೇರೆ, ಅಜ್ಜಿಯಂದಿರ ಬುದ್ಧಿ ಒಂದೇ.

ಅಂಗಡಿಯ ಡಬ್ಬಿಯ ಕಣಿಲೆ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ. ತೊಳೆದು ಐದು ನಿಮಿಷ ಕುದಿಸಿ ನೀರು ಚೆಲ್ಲಿದರೆ ಡಬ್ಬಿಯ ವಾಸನೆ ಹೋಗುತ್ತದೆ. ತುಂಡುಗಳ ನಡುವೆ ಬಿಳಿ ಪುಡಿ ಕಂಡರೆ ಹೆದರಬೇಕಿಲ್ಲ, ಅದು ಬೂಷ್ಟಲ್ಲ, ಟೈರೋಸಿನ್ ಎಂಬ ಅಮೈನೋ ಆಮ್ಲದ ಹರಳು. ಆದರೆ ಉಬ್ಬಿದ ಡಬ್ಬಿ, ತೆರೆದಾಗ ಚಿಮ್ಮುವ ಡಬ್ಬಿಯನ್ನು ರುಚಿ ನೋಡದೆ ಬಿಸಾಡಿ.

ನಾನು ನಿಜವಾಗಿ ಹೆದರುವುದು ಮನೆಯಲ್ಲಿ ಬಾಟಲಿಗೆ ತುಂಬಿಸಿದ ಕಣಿಲೆಗೆ. 2006ರ ಮಾರ್ಚ್‌ನಲ್ಲಿ ಉತ್ತರ ಥಾಯ್ಲೆಂಡ್‌ನ ನಾನ್ ಪ್ರಾಂತ್ಯದ ಹಳ್ಳಿಯೊಂದರ ಧಾರ್ಮಿಕ ಉತ್ಸವದಲ್ಲಿ ಮನೆಯಲ್ಲೇ ಡಬ್ಬಿ ಮಾಡಿದ ಕಣಿಲೆ ಬಡಿಸಿದ್ದರು. 209 ಮಂದಿಗೆ ಬಾಟ್ಯುಲಿಸಂ ತಗಲಿತು. 42 ಮಂದಿಯನ್ನು ವೆಂಟಿಲೇಟರ್‌ನಲ್ಲಿ ಇಡಬೇಕಾಯಿತು, ಪ್ರತಿವಿಷವನ್ನು ಹೊರದೇಶಗಳಿಂದ ತರಿಸಬೇಕಾಯಿತು. ಈ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿರುತ್ತವೆ, ಕಣಿಲೆ ಬರುವುದೂ ಮಣ್ಣಿನಿಂದಲೇ. ಸಾಮಾನ್ಯ ಕುದಿತಕ್ಕೆ ಬೀಜಕ ಸಾಯುವುದಿಲ್ಲ. ಹುಳಿಯಿಲ್ಲದ, ಗಾಳಿಯಾಡದ ಬಾಟಲಿಯೊಳಗೆ ಅದು ಮೊಳೆತು ವಿಷ ಉಂಟುಮಾಡುತ್ತದೆ. ಬಣ್ಣ, ವಾಸನೆ ಬದಲಾಗಲೇಬೇಕೆಂದಿಲ್ಲ. ನಮ್ಮ ಹಿರಿಯರು ಭರಣಿಯಲ್ಲಿ ಹಿಡಿಗಟ್ಟಲೆ ಉಪ್ಪು ಸುರಿದು ಇಡುತ್ತಿದ್ದದ್ದು ಬೇರೆ. ಅಷ್ಟು ಉಪ್ಪಿನಲ್ಲಿ ಅದು ಬೆಳೆಯುವುದಿಲ್ಲ. ಬೇಯಿಸಿದ ಕಣಿಲೆಯನ್ನು ಬರಿ ನೀರಿನಲ್ಲಿ ಬಾಟಲಿಗೆ ಹಾಕಿ, ಬಿರಡೆ ಬಿಗಿದು, ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡುವ ಹೊಸ ಪದ್ಧತಿ ಅಪಾಯಕಾರಿ. ಉಳಿದದ್ದನ್ನು ಫ್ರೀಝರ್‌ನಲ್ಲಿ ಇಡಿ.

ಇಂಥ ಆಹಾರ ತಿಂದ ಮೇಲೆ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡರೆ ಜ್ವರವಿಲ್ಲವೆಂದು ಸುಮ್ಮನಿರಬೇಡಿ. ನನ್ನಂಥ ಯುನಾನಿ ವೈದ್ಯರಲ್ಲಿಗೂ ಬರಬೇಡಿ. ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ, ಏನು ತಿಂದಿದ್ದೆವೆಂದು ಹೇಳಿ.

ಯಾರಿಗೆ ಕಣಿಲೆ ಬೇಡ? ಥೈರಾಯ್ಡ್ ತೊಂದರೆ ಇರುವವರು ಅಪರೂಪಕ್ಕೆ ಸ್ವಲ್ಪ ತಿನ್ನಲಿ, ಪದೇ ಪದೇ ಬೇಡ. ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳಲಿ, ಇದರಲ್ಲಿ ಪೊಟ್ಯಾಷಿಯಂ ಹೆಚ್ಚು. ಗರ್ಭಿಣಿಯರಿಗೆ ಹಿರಿಯರು ಕೊಡುವುದಿಲ್ಲ, ನಾನೂ ಬೇಡವೆನ್ನುತ್ತೇನೆ. ಉಳಿದವರಿಗೆ ಇದು ಒಳ್ಳೆಯ ನಾರಿನ ಆಹಾರ, ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು. ಬಿದಿರು ಯುನಾನಿಗೆ ಅಪರಿಚಿತವೂ ಅಲ್ಲ. ಅದರ ಗೆಣ್ಣುಗಳ ನಡುವೆ ಸಿಗುವ ಬಿಳಿ ಹರಳೇ ತಬಾಶೀರ್. ಖುರ್ಸ್ ತಬಾಶೀರ್ ಎಂಬ ಗುಳಿಗೆಗೆ ಅದರದ್ದೇ ಹೆಸರು.

ಬಾಟಲಿಗಳ ವಿಷಯಕ್ಕೆ ಬರೋಣ. ಚೈನೀಸ್ ಅಡುಗೆಯ ಶಾವ್‌ಶಿಂಗ್, ಜಪಾನ್‌ನ ಮಿರಿನ್ ಎರಡೂ ಮದ್ಯವೇ, ಅಡುಗೆಗೆಂದು ಬರೆದಿದ್ದರೂ ನಮಗೆ ಹರಾಮ್. ಆಯ್ಸ್ಟರ್ ಸಾಸ್ ಚಿಪ್ಪುಮೀನಿನ ಸಾರ. ಕರಾವಳಿಯ ಶಾಫಿಈಗಳಿಗೆ ಅಡ್ಡಿಯಿಲ್ಲ, ಹನಫೀ ಮದ್ಸ್‌ಹಬ್‌ನಲ್ಲಿ ಅನುಮತಿಯಿಲ್ಲ. ಬೇರೆ ಜಿಲ್ಲೆಯ ಬೀಗರು ಊಟಕ್ಕೆ ಬಂದಾಗ ಇದು ನೆನಪಿರಲಿ. ಸಹಜವಾಗಿ ಹುದುಗಿಸಿದ ಸೋಯಾ ಸಾಸ್ ಬಗ್ಗೆ ನಿಮ್ಮ ಉಸ್ತಾದರನ್ನು ಕೇಳಿ. ನನ್ನ ಆಕ್ಷೇಪ ಅದರ ಉಪ್ಪಿಗೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2000ಕ್ಕಿಂತ ಕಡಿಮೆ. ಮನೆಯಲ್ಲಿ ಬಿ.ಪಿ. ಇರುವವರಿದ್ದರೆ ಸಾಸ್ ಹಾಕಿದ ಅಡುಗೆಗೆ ಬೇರೆ ಉಪ್ಪು ಬೇಡ.

ಸಾಸ್‌ನ ಗೊಡವೆಯೇ ಇಲ್ಲದ, ಬೀನ್ಸ್ ಕಣಿಲೆ ಎರಡೂ ಸೇರುವ ಒಂದು ಅಡುಗೆ ಹೇಳುತ್ತೇನೆ: ಜಾವಾದ ಸಾಯುರ್ ಲೊದೆಹ್. ಇಂಡೋನೇಷ್ಯಾ, ಮಲೇಷ್ಯಾದ ಮುಸ್ಲಿಮರು ಈದ್ ದಿನ ಇದನ್ನು ಕೆತುಪತ್ ಅಥವಾ ಲೊಂತೊಂಗ್ ಜೊತೆ ತಿನ್ನುತ್ತಾರೆ. ಕೆತುಪತ್ ಎಂದರೆ ತೆಂಗಿನ ಗರಿ ಹೆಣೆದು ಅದರೊಳಗೆ ಬೇಯಿಸಿದ ಅನ್ನ, ನಮ್ಮ ಮೂಡೆಯ ದೂರದ ನೆಂಟ.

ಐದಾರು ಮಂದಿಗೆ: ಆರು ಸಣ್ಣ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸು, ಒಂದು ಚಿಕ್ಕ ಚಮಚ ಕೊತ್ತಂಬರಿ ಬೀಜ, ಚಿಟಿಕೆ ಅರಿಶಿನ, ನಾಲ್ಕು ಗೋಡಂಬಿ ನುಣ್ಣಗೆ ಅರೆಯಿರಿ. ಅಲ್ಲಿ ಗೋಡಂಬಿಯ ಜಾಗದಲ್ಲಿ ಕೆಮಿರಿ ಎಂಬ ಕಾಯಿ ಹಾಕುತ್ತಾರೆ. ಅವರು ಹಾಕುವ ಲಾವೋಸ್ ಎಂಬ ಬೇರು ಗಂಧಿಗೆ ಅಂಗಡಿಯಲ್ಲಿ ಸಿಗುವ ಖುಲಂಜಾನ್. ಯುನಾನಿಯಲ್ಲಿ ಅದು ವಾಯುಹರ. ಬೀನ್ಸ್ ಹೊಟ್ಟೆಯಲ್ಲಿ ವಾಯು ತುಂಬಿಸುವ ಕಾಯಿ. ಇಂಥ ದೋಷವನ್ನು ತಿದ್ದಲು ಜೊತೆಗೆ ಕೊಡುವುದನ್ನು ಹಕೀಮರು ಮುಸ್ಲಿಹ್ ಎನ್ನುತ್ತಾರೆ. ಜಾವಾದ ಗೃಹಿಣಿ ಆ ಪದ ಕೇಳದೆಯೇ ಸರಿಯಾದದ್ದನ್ನೇ ಆರಿಸಿಕೊಂಡಿದ್ದಾಳೆ. ಖುಲಂಜಾನ್ ಸಿಗದಿದ್ದರೆ ಒಂದಿಂಚು ಶುಂಠಿ ಜಜ್ಜಿ ಹಾಕಿ.

ಅರೆದದ್ದನ್ನು ಎರಡು ಚಮಚ ತೆಂಗಿನೆಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಒಂದು ತೆಂಗಿನಕಾಯಿಯ ಎರಡನೇ ಹಾಲು ಮೂರು ಲೋಟ ಹಾಕಿ. ಎರಡು ಸಲ ಕುದಿಸಿ ಬಸಿದ ಕಣಿಲೆ ಒಂದು ಬಟ್ಟಲು, ಎರಡಿಂಚು ಉದ್ದಕ್ಕೆ ಕತ್ತರಿಸಿದ ಬೀನ್ಸ್ ಅಥವಾ ಅಲಸಂದೆ ಕಾಲು ಕಿಲೋ ಸೇರಿಸಿ ಇಪ್ಪತ್ತು ನಿಮಿಷ ಕುದಿಸಿ. ಕಚ್ಚಿದರೆ ಹಲ್ಲಿಗೆ ಕಿರ್ ಎನ್ನಬಾರದು. ನಂತರ ಬದನೆ, ಎಲೆಕೋಸು. ಅವು ಬೆಂದ ಮೇಲೆ ಉಪ್ಪು, ಚೂರು ಬೆಲ್ಲ, ಒಂದು ಲೋಟ ದಪ್ಪ ಹಾಲು. ದಪ್ಪ ಹಾಲು ಬಿದ್ದ ಮೇಲೆ ಜೋರಾಗಿ ಕುದಿಸಬೇಡಿ, ಒಡೆಯುತ್ತದೆ. ರಾತ್ರಿಗೆ ಉಳಿಸುವುದಾದರೆ ಆರಿದ ಕೂಡಲೇ ಫ್ರಿಜ್‌ಗೆ ಇಡಿ. ತೆಂಗಿನ ಹಾಲಿನ ಅಡುಗೆ ನಮ್ಮ ಸೆಖೆಗೆ ನಾಲ್ಕು ಗಂಟೆ ತಡೆಯುವುದಿಲ್ಲ.