ಹೇರೆತ್ತಿನ ದಾರಿಯ ಮುಖಗಳು

ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಇಂದು ಲಮಾಣಿಗರ ವಸತಿಗೆ ಸಲ್ಲುವ ‘ತಾಂಡಾ’ ಎಂಬ ಮಾತು ಹಿಂದೆ ಧಾನ್ಯ, ಉಪ್ಪುಗಳ ಹೇರು ಹೊತ್ತು ಸಾಗುವ ಎತ್ತುಗಳ ಹಿಂಡನ್ನೂ ಅದರೊಡನೆ ನಡೆಯುವ ಕುಟುಂಬಗಳನ್ನೂ ಒಟ್ಟಾಗಿ ಸೂಚಿಸುತ್ತಿತ್ತು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನಟ್ಟಿ ಬಂದು ಕುಂದಗೋಳವನ್ನು ಹಿಡಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತನ್ನ ದಂಡಿನ ಕಾಳುಕಡಿಗೆ ಇಂಥ ತಾಂಡಾಗಳನ್ನೇ ನೆಚ್ಚಿದ್ದನಾದ್ದರಿಂದ, ಈಸ್ಟ್ ಇಂಡಿಯಾ ಕಂಪನಿಯವರಿಗೆ ಈ ಜನರ ಪರಿಚಯ ಮೊದಲು ಹೊಟ್ಟೆಯ ಮೂಲಕವೇ ಆಯಿತೆನ್ನಬೇಕು.

ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಅಳತೆಗೆ ತೊಡಗಿದ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಡೇರೆ, ದುರ್ಬೀನು, ನಕ್ಷೆಗಾರರೊಡನೆ ಊರೂರು ಅಲೆಯುತ್ತ, ಭೂಮಿಯ ಜೊತೆಗೆ ಜನರ ಚಿತ್ರಗಳನ್ನೂ ಬರೆಯಿಸಿದ. ‘ಬಾಲಾಘಾಟ್’, ಅಂದರೆ ಘಟ್ಟದ ಮೇಲಣ ನಾಡಿನವರ ಉಡುಗೆಗಳನ್ನು ತೋರಿಸುವ 1800–1801ರ ಚಿತ್ರಸಂಪುಟ ಹೀಗೆ ಸಿದ್ಧವಾಯಿತು.

ಪಯಣದ ಚಿತ್ರಕ್ಕೆ ಜಲವರ್ಣವೇ ಒದಗಿದ್ದಕ್ಕೆ ಕಾರಣ ಸರಳ: ತೈಲವರ್ಣ ಒಣಗಲು ದಿನಗಟ್ಟಲೆ ಬೇಕು, ಬೆಳಗಾದರೆ ಬಿಡಾರ ಕೀಳಬೇಕು. ಅಂಟು ಬೆರೆಸಿ ಗಟ್ಟಿಮಾಡಿದ ಬಣ್ಣದ ಬಿಲ್ಲೆಗಳು 1780ರ ದಶಕದಿಂದ ಲಂಡನ್ನಿನಲ್ಲಿ ಸಿಗತೊಡಗಿದ್ದು, ಸಣ್ಣ ಪೆಟ್ಟಿಗೆ, ಒಂದು ಬಟ್ಟಲು ನೀರಿದ್ದರೆ ಕೆಲಸ ನಡೆಯುತ್ತಿತ್ತು. ಸೀಸದಕಡ್ಡಿಯ ತೆಳುಗೆರೆಯ ಮೇಲೆ ತಿಳಿಬಣ್ಣವನ್ನು ಪದರಪದರವಾಗಿ ಹಾಯಿಸುವ ಈ ಕ್ರಮದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಲಮಾಣಿ ಹೆಣ್ಣುಮಗಳ ಕಾಂಚಳಿ, ಅಂದರೆ ಕುಪ್ಪಸದ ಕನ್ನಡಿಬಿಲ್ಲೆಯಾಗಲಿ ತೋಳಿನ ದಂತದ ಬಳೆಯಾಗಲಿ ಹೊಳೆಯಬೇಕಾದರೆ ಕುಂಚ ಅಲ್ಲಿ ತಡೆಯಬೇಕು. ಸುಣ್ಣ, ಸೀಸಗಳ ದಪ್ಪ ಬಿಳಿಯನ್ನು ಮೇಲೆ ಇಟ್ಟು ಒಡವೆಯನ್ನು ಎಬ್ಬಿಸುವ ದೇಸಿ ಚಿತ್ರಗಾರನಿಗೆ ಇದು ಅಭ್ಯಾಸದ ವಿರುದ್ಧದ ಪಾಠವಾಗಿತ್ತು.

ಇಂಥ ಚಿತ್ರಗಳ ಕೆಳಗೆ ಬಹುಮಟ್ಟಿಗೆ ಜಾತಿ ಅಥವಾ ಕಸುಬಿನ ಹೆಸರಿರುತ್ತದೆಯೇ ಹೊರತು ನಿಂತು ಬರೆಯಿಸಿಕೊಂಡವರ ಹೆಸರಲ್ಲ. ಅದೇ ಮೆಕೆಂಜಿ ಬರೆಯಿಸಿದ ಕೈಫಿಯತ್ತುಗಳು, ಎಂದರೆ ಊರಿನ ಲೆಕ್ಕಿಗರು, ಹಿರಿಯರು ಕೊಟ್ಟ ಸ್ಥಳವೃತ್ತಾಂತಗಳು, ಪಾಳೆಯಗಾರರ ಪೀಳಿಗೆಗಳನ್ನು ಹೆಸರುಹಿಡಿದು ಎಣಿಸುವುದನ್ನು ನೋಡಿದರೆ ಈ ಕೊರತೆ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ. 1821ರಲ್ಲಿ ಆತ ತೀರಿಕೊಂಡ ಮೇಲೆ ಕಂಪನಿ ಆತನ ಈ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಕನ್ನಡದ ಕೈಫಿಯತ್ತುಗಳು ಮದರಾಸಿಗೆ ಸೇರಿ, ಮುಂದೆ ಧಾರವಾಡದ ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಅಚ್ಚಾಗಿ ಓದುಗರ ಕೈಗೆ ಬಂದವು. ಚಿತ್ರಗಳು ಲಂಡನ್ನಿಗೆ ಹೋಗಿ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದವು.