ಮೂಲೆಗಳನ್ನು ಎಣಿಸಿಕೊಂಡು ಕಟ್ಟುವ ಪಾತಾಳ

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಈ ಆಟ ತೀರಾ ಹೊಸದಲ್ಲ. 2016ರಲ್ಲಿ ಬಂದ ಆ ಸರಣಿಯ ಮೊದಲ ಕಂತಿನ ಆರಂಭದಲ್ಲೇ ನಾಲ್ವರು ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು, ಡೆಮೊಗಾರ್ಗನ್ ಎಂಬ ಭೂತ ಬಂತೆಂದು ಬೊಬ್ಬೆ ಹೊಡೆಯುತ್ತಾರೆ. ಅವರು ಆಡುತ್ತಿದ್ದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಒಬ್ಬ ಕಥೆ ನಡೆಸುತ್ತಾನೆ; ಅವನು ಡಂಜನ್ ಮಾಸ್ಟರ್. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ: ಕತ್ತಿ ಹಿಡಿದ ಯೋಧ, ಮಂತ್ರವಾದಿ, ಬೀಗ ಬಿಚ್ಚುವ ಕಳ್ಳ. ಮುಂದೆ ಏನು ಮಾಡುತ್ತೀರಿ ಎಂದು ಮಾಸ್ಟರ್ ಕೇಳುತ್ತಾನೆ, ಇವರು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಇಷ್ಟಕ್ಕೆ ಬಾಯಿ, ಕಿವಿ, ಕಾಗದ, ಪೆನ್ಸಿಲ್, ದಾಳ ಸಾಕು. ಎಷ್ಟೋ ತಂಡಗಳು ಹಾಗೆಯೇ ವರ್ಷಗಟ್ಟಲೆ ಆಡುತ್ತವೆ. ಕಾದಾಟ ಶುರುವಾದಾಗ ಮಾತ್ರ ಎಡವಟ್ಟಾಗುತ್ತದೆ. ‘ನಾನು ಕಂಬದ ಹಿಂದೆ ನಿಂತಿದ್ದೆನಲ್ಲ?’ ‘ಇಲ್ಲಪ್ಪ, ನೀನು ಬಾಗಿಲ ಹತ್ತಿರ ಇದ್ದೀನಿ ಅಂದೆ.’ ‘ಬಾಗಿಲಿಗೂ ಕಂಬಕ್ಕೂ ಎಷ್ಟು ದೂರ?’ ಐದು ಜನರ ತಲೆಯಲ್ಲಿ ಐದು ಬೇರೆ ಬೇರೆ ಕೋಣೆಗಳಿರುತ್ತವೆ. ಅವನ್ನೆಲ್ಲ ಒಂದೇ ಕೋಣೆಯಾಗಿಸುವುದಕ್ಕೆ ಬಂದದ್ದು ಮಾಡ್ಯುಲರ್ ಟೆರೇನ್. ಎಂದರೆ ಕಲ್ಲು ಹಾಸಿದ ನೆಲ, ಗೋಡೆ, ಮೂಲೆ, ಬಾಗಿಲು, ಮೆಟ್ಟಿಲುಗಳ ಪುಟ್ಟ ಪುಟ್ಟ ಬಿಡಿಭಾಗಗಳು. ಇಂದು ಅವನ್ನು ಜೋಡಿಸಿದರೆ ಸೆರೆಮನೆ, ಮುಂದಿನ ವಾರ ಅವೇ ದೇಗುಲದ ನೆಲಮಾಳಿಗೆ. ನಮ್ಮಲ್ಲಿ ನವರಾತ್ರಿಯ ಗೊಂಬೆಗಳ ಪಕ್ಕ ರಾಗಿ ಪೈರು ಬೆಳೆಸಿ, ಕನ್ನಡಿಯಿಟ್ಟು ಕೊಳ ಮಾಡಿ ಪಾರ್ಕು ಕಟ್ಟುತ್ತೇವಲ್ಲ, ನೋಡುವುದಕ್ಕೆ ಹಾಗೆಯೇ. ವ್ಯತ್ಯಾಸವೆಂದರೆ ಪಾರ್ಕು ಒಂಬತ್ತು ದಿನ ಕದಲದೆ ಕೂತಿರುತ್ತದೆ, ಇದನ್ನು ಒಂದೇ ರಾತ್ರಿಯಲ್ಲಿ ಮೂರು ಸಲ ಕಳಚಿ ಕಟ್ಟಬೇಕು. ಈ ಬಿಡಿಭಾಗಗಳನ್ನು ಆರಿಸುವ ಕಷ್ಟವೆಲ್ಲ ಹುಟ್ಟುವುದು ಅಲ್ಲಿಂದಲೇ.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. 1812ರಲ್ಲಿ ಪ್ರಶ್ಯಾದ ಗೆಯೋರ್ಗ್ ಲಿಯೊಪೋಲ್ಡ್ ಫಾನ್ ರೈಸ್ವಿಟ್ಸ್ ಎಂಬಾತ ತನ್ನ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಯುದ್ಧ ಕಲಿಸುವ ಒಂದು ಆಟವನ್ನು ಒಪ್ಪಿಸಿದ. ಆರಡಿ ಚೌಕದ ಮರದ ಮೇಜು, ಅದರಲ್ಲಿ ಅರೆಗಳು, ಅರೆಗಳ ತುಂಬ ಮೂರ್ನಾಲ್ಕು ಇಂಚಿನ ಚೌಕದ ತುಂಡುಗಳು. ಒಂದರ ಮೇಲೆ ರಸ್ತೆ, ಇನ್ನೊಂದರ ಮೇಲೆ ಹೊಳೆ, ಮತ್ತೊಂದರ ಮೇಲೆ ಹಳ್ಳಿ. ಬೇಕಾದ ಹಾಗೆ ಜೋಡಿಸಿಕೊಂಡರೆ ಬೇಕಾದ ರಣಭೂಮಿ. ದೊರೆಗೂ ಅವನ ಮಕ್ಕಳಿಗೂ ಇದು ಬಹಳ ಹಿಡಿಸಿತು. ಆದರೆ ಆಟವನ್ನು ಮುಂದುವರಿಸಿದ ರೈಸ್ವಿಟ್ಸನ ಮಗ 1824ರಲ್ಲಿ ಹೊಸ ರೂಪ ತಂದಾಗ ಮೊದಲು ಮಾಡಿದ ಕೆಲಸ ಅಪ್ಪನ ಚೌಕಗಳನ್ನು ಬಿಟ್ಟುಕೊಟ್ಟದ್ದು. 1:8000 ಪ್ರಮಾಣದ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ. ಎರಡೂ ಕಡೆಯವರ ಆಜ್ಞೆಗಳನ್ನು ಕೇಳಿಸಿಕೊಂಡು ಫಲಿತಾಂಶ ಹೇಳುವ ಒಬ್ಬ ಮಧ್ಯಸ್ಥನನ್ನು ಕೂರಿಸಿದ. ಪ್ರಶ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ಒಪ್ಪಿದ್ದು ಮಗನ ಕಾಗದವನ್ನು, ಅಪ್ಪನ ಮೇಜನ್ನಲ್ಲ.

ಅಪ್ಪ-ಮಗನ ಈ ಭಿನ್ನಾಭಿಪ್ರಾಯ ಇನ್ನೂ ಬಗೆಹರಿದಿಲ್ಲ ಎಂದೇ ನನ್ನ ಎಣಿಕೆ. ಕೈಯಲ್ಲಿ ಮುಟ್ಟುವ ನೆಲದ ಸುಖ ಕಾಗದಕ್ಕೆ ಇಲ್ಲ. ಕಾಗದದ ಮೇಲೆ ಏನು ಬೇಕಾದರೂ ಗೀಚಬಹುದು, ಚೌಕಗಳಲ್ಲಾದರೆ ಅರೆಯಲ್ಲಿ ಇದ್ದಷ್ಟೇ ಲೋಕ. ಇವತ್ತು ಟೆರೇನ್ ಕೊಳ್ಳುವವನು ತಿಳಿದೋ ತಿಳಿಯದೆಯೋ ಈ ಇಬ್ಬರ ನಡುವೆ ನಿಂತು ಆಯ್ಕೆ ಮಾಡುತ್ತಿರುತ್ತಾನೆ.

ನಡುವಿನ ನೂರೈವತ್ತು ವರ್ಷವನ್ನು ಬೇಗ ದಾಟೋಣ. ಎಚ್.ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಮಕ್ಕಳ ಮರದ ತುಂಡುಗಳಿಂದ ನೆಲದ ಮೇಲೆ ಊರು ಕಟ್ಟಿ ತವರದ ಸಿಪಾಯಿಗಳನ್ನು ಕಾದಾಡಿಸುವ ನಿಯಮ ಬರೆದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಮರಳು ತುಂಬಿದ ಮೇಜಿನ ಮೇಲೆ ಮಧ್ಯಯುಗದ ಯುದ್ಧಗಳನ್ನು ಆಡಿಸುತ್ತಿದ್ದ. ಡೇವ್ ಆರ್ನೆಸನ್ ಜೊತೆಗೂಡಿ ಅವನು 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ. ಪಾತ್ರಗಳ ಪುಟ್ಟ ಗೊಂಬೆಗಳಿದ್ದರೆ ಚೆಂದ, ಇಲ್ಲದಿದ್ದರೂ ಆಟ ನಿಲ್ಲದು ಎಂಬುದು ಆ ಮೊದಲ ಪುಸ್ತಿಕೆಗಳ ನಿಲುವು. ರೈಸ್ವಿಟ್ಸನ ಮಗ ಕೂರಿಸಿದ ಮಧ್ಯಸ್ಥನೇ ಇಲ್ಲಿ ಡಂಜನ್ ಮಾಸ್ಟರ್ ಆಗಿ ಮರಳಿ ಬಂದ. 2000ದಲ್ಲಿ ಬಂದ ಮೂರನೇ ಆವೃತ್ತಿ ಕಾದಾಟವನ್ನು ಒಂದಿಂಚಿನ ಚೌಕಗಳ ಮೇಲೆ ಕೂರಿಸಿತು. ಮೇಜಿನ ಒಂದಿಂಚು ಎಂದರೆ ಕಥೆಯ ಐದಡಿ. ಈಗ ಮಾರಾಟಕ್ಕಿರುವ ಡಂಜನ್ ಟೈಲ್‌ಗಳಲ್ಲಿ, ಎಂದರೆ ಪಾತಾಳ ಕಟ್ಟುವ ಈ ಬಿಡಿಭಾಗಗಳಲ್ಲಿ, ಬಹುತೇಕ ಎಲ್ಲದರ ಅಳತೆಯೂ ಇದನ್ನೇ ಹಿಡಿದಿರುವುದು.

ಈ ಬಿಡಿಭಾಗಗಳನ್ನು ಕರಕುಶಲದ ಮಟ್ಟಕ್ಕೆ ಏರಿಸಿದ ಕೀರ್ತಿ ನ್ಯೂಯಾರ್ಕಿನ ಶಿಲ್ಪಿ ಸ್ಟೆಫಾನ್ ಪೊಕೊರ್ನಿಗೆ ಸಲ್ಲಬೇಕು. 1996ರಲ್ಲಿ ಅವರು ಕಟ್ಟಿದ ‘ಡ್ವಾರ್ವನ್ ಫೋರ್ಜ್’ ಕಂಪನಿ ರೆಸಿನ್‌ನಲ್ಲಿ ಎರಕ ಹೊಯ್ದು, ಬಣ್ಣ ಬಳಿದ ಕೋಣೆ, ಓಣಿ, ಗುಹೆಗಳನ್ನು ಮಾರತೊಡಗಿತು. ಒಂದೊಂದು ಕಲ್ಲಿನ ಚಪ್ಪಡಿಯೂ ಸವೆದ, ಬಿರುಕು ಬಿಟ್ಟ, ನೂರು ವರ್ಷ ಯಾರೋ ನಡೆದಾಡಿದ ಚಪ್ಪಡಿಯಂತೆ ಕಾಣುತ್ತದೆ. ರೆಸಿನ್‌ಗೆ ಎರಡು ಕಂಟಕ: ಭಾರ ಹೆಚ್ಚು, ಕೈಜಾರಿ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ. ಹಾಗಾಗಿ 2013ರಲ್ಲಿ ಅವರು ಗಟ್ಟಿ ಪಿವಿಸಿ ಮಿಶ್ರಣದ ಟೈಲ್‌ಗಳಿಗೆಂದು ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದೆ ಕೈಚಾಚಿದಾಗ ಸುಮಾರು 19 ಲಕ್ಷ ಡಾಲರ್ ಕೂಡಿಬಂತು. ಅಂತರ್ಜಾಲದಲ್ಲಿ ಲಕ್ಷಾಂತರ ಮಂದಿ ನೋಡುವ ‘ಕ್ರಿಟಿಕಲ್ ರೋಲ್’ ಕಾರ್ಯಕ್ರಮದ ಆಟದ ಮೇಜಿನ ಮೇಲೂ ಇವೇ ಕಲ್ಲುಗಳು ಕಾಣಿಸಿಕೊಂಡವು. ಅದನ್ನು ನೋಡಿದವರಿಗೆ ತಮ್ಮ ಮನೆಯ ಮೇಜು ಬೋಳು ಬೋಳಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕೊಳ್ಳಹೊರಟವರ ಕಣ್ಣು ಮೊದಲು ಹೋಗುವುದು ಲಾವಾ ಹರಿಯುವ ಸೇತುವೆ, ತಲೆಬುರುಡೆಯ ಸಿಂಹಾಸನ, ಒಳಗಿನಿಂದ ದೀಪ ಬೆಳಗುವ ಬಾವಿಗಳ ಕಡೆಗೆ. ತಪ್ಪಿಲ್ಲ, ಅವು ಅಷ್ಟು ಚೆನ್ನಾಗಿವೆ. ಆದರೆ ಲಾವಾ ಸೇತುವೆ ಒಂದು ಕಥೆಯಲ್ಲಿ ಒಮ್ಮೆ ಬರುತ್ತದೆ. ಸಪ್ಪೆ ಬೂದು ನೆಲ ಪ್ರತಿ ವಾರ ಬೇಕು. ಅದಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಎರಡಿಂಚು ಚೌಕದ ಟೈಲ್ ತೆಗೆದುಕೊಳ್ಳಿ. ಗೋಡೆ ಟೈಲ್‌ನ ಮೇಲೆಯೇ ಎದ್ದಿದೆ, ಮೂಲೆಯ ಟೈಲ್‌ಗೆ ಎರಡು ಬದಿ ಗೋಡೆ ಎಂದುಕೊಳ್ಳೋಣ. ಕಥೆಯಲ್ಲಿ ಇಪ್ಪತ್ತಡಿಗೆ ಮೂವತ್ತಡಿಯ ಕಾವಲುಗಾರರ ಕೋಣೆ ಬಂದರೆ ಎರಡು ಸಾಲು, ಸಾಲಿಗೆ ಮೂರರಂತೆ ಆರು ಟೈಲ್ ಬೇಕು. ಅದರಲ್ಲಿ ನಾಲ್ಕು ಮೂಲೆ, ಎರಡು ಗೋಡೆ. ಬರಿಯ ನೆಲ ಒಂದೂ ಬೇಡ! ನಲವತ್ತಡಿ ಚೌಕದ ಸಭಾಂಗಣಕ್ಕೆ ಹದಿನಾರು ಟೈಲ್: ನಾಲ್ಕು ಮೂಲೆ, ಎಂಟು ಗೋಡೆ, ನಾಲ್ಕು ನೆಲ. ಇನ್ನೊಂದು ಸಾಲು ಹಿಗ್ಗಿಸಿ ಐವತ್ತಡಿ ಮಾಡಿದರೆ ನಾಲ್ಕು ಮೂಲೆ, ಹನ್ನೆರಡು ಗೋಡೆ, ಒಂಬತ್ತು ನೆಲ. ಕೋಣೆ ಎಷ್ಟೇ ದೊಡ್ಡದಾದರೂ ಮೂಲೆ ನಾಲ್ಕೇ. ಕೋಣೆ ಎಷ್ಟೇ ಚಿಕ್ಕದಾದರೂ ಮೂಲೆ ನಾಲ್ಕು ಬೇಕೇ ಬೇಕು. ಹಾಗಾಗಿ ಇಕ್ಕಟ್ಟಾದ ಕೋಣೆಗಳ ಸೆರೆಮನೆ ಕಟ್ಟುವವನ ಹತ್ತಿರ ನೆಲದ ಟೈಲ್ ರಾಶಿ ಬಿದ್ದಿದ್ದರೂ ಮೂರನೇ ಕೋಣೆಗೇ ಮೂಲೆಗಳು ಮುಗಿದುಹೋಗುತ್ತವೆ. ಬಾಗಿಲುಗಳ ಕಥೆಯೂ ಇದೇ. ಪ್ರತಿ ಬಾಗಿಲು ಒಂದು ಗೋಡೆಯ ಜಾಗ ತಿನ್ನುತ್ತದೆ, ಒಂದೇ ಬಾಗಿಲಿನ ಕೋಣೆಯಲ್ಲಿ ಆಟಗಾರರಿಗೆ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ.

ಗೋಡೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಟೈಲ್‌ನ ಮೇಲೆಯೇ ಗೋಡೆ ಎದ್ದರೆ ಅದು ಅರ್ಧ ಇಂಚು ನುಂಗುತ್ತದೆ. ಆ ಅಂಚಿನ ಚೌಕದಲ್ಲಿ ಒಂದಿಂಚಿನ ಪೀಠದ ಗೊಂಬೆ ಸರಿಯಾಗಿ ನಿಲ್ಲದೆ ಗೋಡೆಗೆ ಒರಗಿಕೊಳ್ಳುತ್ತದೆ. ವಿಜ್‌ಕಿಡ್ಸ್ ಕಂಪನಿಯ ‘ವಾರ್‌ಲಾಕ್’ ಟೈಲ್‌ಗಳಲ್ಲಿ ನೆಲ ಬೇರೆ, ತೆಳ್ಳನೆಯ ಗೋಡೆ ಬೇರೆ, ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಚೌಕಗಳೆಲ್ಲ ಪೂರ್ತಿ ಉಳಿಯುತ್ತವೆ, ಆದರೆ ಆಟ ನಡೆಯುತ್ತಿರುವಾಗ ಕ್ಲಿಪ್ಪು ಹುಡುಕುತ್ತ ಕೂತರೆ ಕಥೆ ತಣ್ಣಗಾಗುತ್ತದೆ. ನನ್ನ ಒಲವು ತನ್ನ ಭಾರಕ್ಕೆ ತಾನೇ ಕೂರುವ ಟೈಲ್‌ನ ಕಡೆಗೆ. ಅಡಿಯಲ್ಲಿ ನಿಯೋಪ್ರೀನ್ ಮ್ಯಾಟ್ ಹಾಸಿದರೆ ಜಾರುವುದಿಲ್ಲ. ಎರಡು ಕಂಪನಿಗಳ ಟೈಲ್ ಬೆರೆಸುವ ಮುನ್ನ ಮಾತ್ರ ನೆಲದ ದಪ್ಪ ಅಳೆದು ನೋಡಿ. ಒಂದು ತುಸು ಎತ್ತರವಾದರೂ ಸೇರುವ ಕಡೆಯಲ್ಲಿ ಮೆಟ್ಟಿಲು ಬೀಳುತ್ತದೆ.

ಗೋಡೆಯ ಎತ್ತರ ಇನ್ನೊಂದು ತಕರಾರು. ಎರಡಿಂಚು ಎತ್ತರದ ಗೋಡೆ ಫೋಟೊದಲ್ಲಿ ಭವ್ಯ. ಮೇಜಿನ ಆಚೆ ಬದಿ ಕೂತವನಿಗೆ ತನ್ನ ಗೊಂಬೆಯೇ ಕಾಣುವುದಿಲ್ಲ, ಎದ್ದು ನಿಂತು ಬಗ್ಗಿ ನೋಡಬೇಕು, ಕೈ ಹಾಕಿದರೆ ಗೋಡೆ ಬೀಳುತ್ತದೆ. ಇದಕ್ಕೆ ಮದ್ದಾಗಿ ಹವ್ಯಾಸಿಗಳ ನಡುವೆ ‘ಟೂ ಪಾಯಿಂಟ್ ಫೈವ್ ಡಿ’ ಎಂಬ ಪದ್ಧತಿ ಬೆಳೆಯಿತು. ಗೋಡೆಯಿರುವ ಕಡೆ ಬೆರಳ ದಪ್ಪದ ಒಂದು ದಿಂಡು ಇದ್ದರೆ ಸಾಕು; ಉಳಿದ ಎತ್ತರವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಇದನ್ನು ಜನಪ್ರಿಯಗೊಳಿಸಿದ ಯೂಟ್ಯೂಬರ್ ‘ಡಿಎಂ ಸ್ಕಾಟಿ’ ಬಳಸಿದ್ದು ದುಬಾರಿ ರೆಸಿನ್ ಅಲ್ಲ, ರಟ್ಟು.

ರಟ್ಟಿನ ಮಾತು ಬಂತಲ್ಲ, ಕೈಯಾರೆ ಮಾಡಿಕೊಳ್ಳುವವರ ಬಗ್ಗೆ ಹೇಳಲೇಬೇಕು, ಈ ಹವ್ಯಾಸದ ಅರ್ಧ ಖುಷಿ ಅಲ್ಲಿದೆ. ಹವ್ಯಾಸಿಗಳ ಮೆಚ್ಚಿನ ಸಾಮಗ್ರಿ ಎಕ್ಸ್‌ಪಿಎಸ್ ಫೋಮ್, ತಾರಸಿಯಲ್ಲಿ ಶಾಖ ತಡೆಯಲು ಹಾಕುವ ಹಲಗೆ. ನಮಗೆ ಸಲೀಸಾಗಿ ಸಿಗುವ ಬಿಳಿ ಥರ್ಮಾಕೋಲ್ ಇದರ ದಾಯಾದಿಯೇ ಆದರೂ ಕೊಯ್ದ ಕಡೆ ಕಾಳುಕಾಳಾಗಿ ಉದುರುತ್ತದೆ; ಎಕ್ಸ್‌ಪಿಎಸ್‌ಗೆ ಬೆಣ್ಣೆಯಂಥ ನಯ. ಎರಡಿಂಚಿನ ಚೌಕ ಕತ್ತರಿಸಿ, ಪೆನ್ಸಿಲ್ಲಿನಿಂದ ಒತ್ತಿ ಚಪ್ಪಡಿಗಳ ಸಂದಿ ಕೊರೆಯಬೇಕು. ಸಂದಿ ಇಂಚಿಗೊಂದರಂತೆ ಬಿದ್ದರೆ ಆಟದ ಚೌಕಗಳೂ ತಾವೇ ಮೂಡಿದ ಹಾಗಾಯಿತು. ಆಮೇಲೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಮುದುಡಿ ಉಂಡೆ ಮಾಡಿ ಮೇಲೆಲ್ಲ ಒತ್ತುತ್ತ, ಹೊರಳಿಸುತ್ತ ಹೋದರೆ ನುಣ್ಣನೆಯ ಫೋಮು ಕಣ್ಣೆದುರೇ ಒರಟು ಕಲ್ಲಾಗುತ್ತದೆ. ಕಪ್ಪು ಬಣ್ಣಕ್ಕೆ ಬಿಳಿ ಅಂಟು ಬೆರೆಸಿ ಬಳಿದರೆ ಅದು ಬಣ್ಣವೂ ಹೌದು, ಕವಚವೂ ಹೌದು. ಒಣಗಿದ ಮೇಲೆ ಅಗಲ ಬ್ರಷ್ಷನ್ನು ಬೂದು ಬಣ್ಣದಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ, ಆ ಒಣ ಬ್ರಷ್ಷನ್ನು ಟೈಲ್ ಮೇಲೆ ಹಗುರಾಗಿ ಆಡಿಸಬೇಕು. ಉಬ್ಬಿದ ಕಡೆ ಮಾತ್ರ ಬೂದು ಹತ್ತುತ್ತದೆ, ಸಂದಿಗಳು ಕಪ್ಪಾಗಿಯೇ ಉಳಿಯುತ್ತವೆ. ಇನ್ನೂ ತಿಳಿ ಬೂದಿನಲ್ಲಿ ಅಂಚುಗಳನ್ನಷ್ಟೇ ಸವರಿದರೆ ಮುಗಿಯಿತು. ನೆನಪಿರಲಿ, ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಬೇಡಿ. ಅದರಲ್ಲಿರುವ ದ್ರಾವಕ ಫೋಮನ್ನು ಕರಗಿಸಿಬಿಡುತ್ತದೆ.

ಫೋಮು ತೀರಾ ಹಗುರ ಎನಿಸಿದವರಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಇದೆ. ಅಮೆರಿಕದ ‘ಹರ್ಸ್ಟ್ ಆರ್ಟ್ಸ್’ನ ಸಿಲಿಕೋನ್ ಅಚ್ಚುಗಳಲ್ಲಿ ಹೊಯ್ದು ಪುಟ್ಟ ಪುಟ್ಟ ಇಟ್ಟಿಗೆ ತೆಗೆದು ಅಂಟಿಸಿ ಕೋಟೆ ಕಟ್ಟುವ ತಾಳ್ಮೆವಂತರಿದ್ದಾರೆ. ಅವರಿಗೆ ನಮಸ್ಕಾರ.

ಭಾರತದಲ್ಲಿ ಕೂತು ಆಡುವವರಿಗೆ ಆಮದು ಟೈಲ್‌ಗಳ ಬೆಲೆಗಿಂತ ಸಾಗಣೆ ಮತ್ತು ಸುಂಕದ ಹೊರೆ ಹೆಚ್ಚು ಕಾಡುತ್ತದೆ. ಅದಕ್ಕೇ ಇಲ್ಲಿ ತ್ರೀಡಿ ಪ್ರಿಂಟಿಂಗ್ ಒಳ್ಳೆಯ ದಾರಿ. ನ್ಯೂಜಿಲೆಂಡಿನ ‘ಪ್ರಿಂಟೆಬಲ್ ಸೀನರಿ’ಯ ‘ಓಪನ್‌ಲಾಕ್’, ‘ಫ್ಯಾಟ್ ಡ್ರ್ಯಾಗನ್ ಗೇಮ್ಸ್’ನ ‘ಡ್ರ್ಯಾಗನ್‌ಲಾಕ್’ ಮುಂತಾದವು ಟೈಲ್‌ಗಳನ್ನಲ್ಲ, ಕಂಪ್ಯೂಟರ್ ಕಡತಗಳನ್ನು ಮಾರುತ್ತವೆ. ಒಮ್ಮೆ ಕೊಂಡರೆ ಎಷ್ಟು ಮೂಲೆ ಬೇಕೋ ಅಷ್ಟು ಮೂಲೆ ಮುದ್ರಿಸಿಕೊಳ್ಳಬಹುದು. ಮೇಲಿನ ಲೆಕ್ಕದ ಸಂಕಟ ಅಲ್ಲಿಗೆ ನೀಗುತ್ತದೆ. ಸ್ವಂತ ಯಂತ್ರವಿಲ್ಲದವರಿಗೆ ಬೆಂಗಳೂರಿನಂಥ ಊರುಗಳಲ್ಲಿ ಮುದ್ರಿಸಿಕೊಡುವ ಅಂಗಡಿಗಳಿವೆ. ಆದರೆ ಬಹಳಷ್ಟು ಕಡತಗಳ ಪರವಾನಗಿ ಸ್ವಂತ ಬಳಕೆಗೆ ಮಾತ್ರ. ಅಂಗಡಿಯಲ್ಲಿ ಕೊಡುವ ಮೊದಲು ಅದನ್ನು ಓದಿಕೊಳ್ಳುವುದು ಲೇಸು. ಟೈಲ್ ಒಂದಕ್ಕೆ ಗಂಟೆಗಳೇ ಹಿಡಿಯುತ್ತವೆ ಎಂಬುದೂ ಗೊತ್ತಿರಲಿ. ಶನಿವಾರದ ಆಟಕ್ಕೆ ಶುಕ್ರವಾರ ಯಂತ್ರ ಹಚ್ಚಿದರೆ ಕೋಟೆ ಅರ್ಧಕ್ಕೇ ನಿಲ್ಲುತ್ತದೆ.

ಅನುಭವಸ್ಥ ಮಾಸ್ಟರ್‌ಗಳು ಇಡೀ ಪಾತಾಳವನ್ನು ಒಮ್ಮೆಗೇ ಹರಡುವುದಿಲ್ಲ. ಆಟಗಾರರು ಬಾಗಿಲು ತೆರೆದ ಮೇಲಷ್ಟೇ ಆಚೆಯ ಕೋಣೆ ಮೇಜಿಗೆ ಬರುತ್ತದೆ, ದಾಟಿ ಬಂದ ಕೋಣೆಯನ್ನು ಕಳಚಿ ಅದರ ಕಲ್ಲುಗಳಿಂದಲೇ ಮುಂದಿನದನ್ನು ಕಟ್ಟುತ್ತಾರೆ. ಹೊಸಬರು ಭಯಪಡುವಷ್ಟು ಟೈಲ್ ಬೇಕಾಗುವುದಿಲ್ಲ. ಎಂಟು ಮೂಲೆ, ಎಂಟು ಗೋಡೆ, ನಾಲ್ಕು ಬಾಗಿಲು, ಹನ್ನೆರಡು ನೆಲ, ಒಟ್ಟು ಮೂವತ್ತೆರಡು ಟೈಲ್. ಇಷ್ಟರಲ್ಲಿ ಒಂದು ಸಭಾಂಗಣ, ಒಂದು ಕಾವಲು ಕೋಣೆ, ಅವೆರಡನ್ನು ಸೇರಿಸುವ ಓಣಿ ಏಕಕಾಲಕ್ಕೆ ನಿಲ್ಲುತ್ತವೆ, ಒಂದು ಸಂಜೆಯ ಆಟಕ್ಕೆ ಅದು ಧಾರಾಳ. ಬೆಟ್ಟ, ಕಾಡು, ಬಯಲುಗಳಿಗೆ ಟೈಲ್ ಕೊಳ್ಳಲೇಬೇಡಿ. ಅಲ್ಲಿ ರೈಸ್ವಿಟ್ಸನ ಮಗನೇ ಸರಿ, ಒಂದು ಗೆರೆ ಎಳೆದ ಮ್ಯಾಟ್ ಸಾಕು. ನಿಮ್ಮ ಮುಂದಿನ ಕಥೆಯ ನಕ್ಷೆಯನ್ನು ಗ್ರಾಫ್ ಕಾಗದದ ಮೇಲೆ ಬರೆದು, ಮೂಲೆಗಳನ್ನೂ ಬಾಗಿಲುಗಳನ್ನೂ ಎಣಿಸಿಕೊಂಡ ಮೇಲೆಯೇ ದುಡ್ಡು ಬಿಚ್ಚಿ. ಲಾವಾ ಸೇತುವೆ ಮುಂದಿನ ವರ್ಷವೂ ಸಿಗುತ್ತದೆ.